ಮೊದಲು ಬಂದ ಮಾತ್ರೆ ಯಾವುದು?

"ಉಮ್ಮಮ್ಮಾ, ಆಮೇಲೆ? ಆಮೇಲಿನ ಸಾಲು ಏನು?"

ಚಪ್ಪಾಳೆಗೆಂದು ಎತ್ತಿದ ಹುಡುಗಿಯರ ಕೈಗಳು ಗಾಳಿಯಲ್ಲೇ ನಿಂತವು. ಕುಂಞಿಬಿ ಉಮ್ಮ ಎರಡನೆಯ ಸಾಲಿನ ನಡುವೆ ತಡೆದುಬಿಟ್ಟಿದ್ದರು. ಬಾಯಿ ತೆರೆದೇ ಇತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಹಾಡು ಇಲ್ಲೇ ಇದೆ ಮೋಳೆ, ನನ್ನ ಮಗಳೇ," ಎಂದು ಅವರು ಗಂಟಲು ಮುಟ್ಟಿ ತೋರಿಸಿದರು. "ಬಾಗಿಲ ಹತ್ರಾನೇ ನಿಂತಿದೆ. ಚಿಲಕ ತೆಗೆಯೋಕೆ ಆಗ್ತಿಲ್ಲ."

ಯಾರೋ ನೀರು ತಂದುಕೊಟ್ಟರು. ಕುಡಿದರು. ಇನ್ನೊಮ್ಮೆ ಶುರು ಮಾಡುತ್ತಾರೆಂದು ಎಲ್ಲರೂ ಕಾದರು. ಅಷ್ಟರಲ್ಲಿ ಅವರ ತಲೆ ಕಂಬಕ್ಕೆ ವಾಲಿ, ಕಣ್ಣು ಮುಚ್ಚಿಹೋಗಿತ್ತು.

ಕೇರಳದ ಪೊನ್ನಾನಿಯಲ್ಲಿ ಹೊಳೆ ಕಡಲನ್ನು ಸೇರುವ ಜಾಗಕ್ಕೆ ಹತ್ತಿರದ ಓಣಿ ಅದು. ಕುಂಞಿಬಿ ಉಮ್ಮ ಮಗಳು ಸುಹರಾಳೊಂದಿಗೆ ತಮ್ಮ ಹಳೆಯ ಮನೆಯಲ್ಲೇ ಇದ್ದರು. ಸುಹರಾಳ ಮಗಳು ರಿನ್ಶಾಳ ಮದುವೆಗೆ ಎರಡು ತಿಂಗಳಿತ್ತು. ಮದುವೆಯ ಮುಂಚಿನ ಸಂಜೆ ಕೈಗೆ ಮದರಂಗಿ ಹಚ್ಚಿಕೊಂಡ ಹುಡುಗಿಯನ್ನು ನಡುವೆ ಕೂರಿಸಿ, ಸುತ್ತಲೂ ಚಪ್ಪಾಳೆ ತಟ್ಟುತ್ತ ಒಪ್ಪನ ಹಾಡುತ್ತಾರೆ. ಮೊದಲ ಸಾಲನ್ನು ಮನೆಯ ಹಿರಿಯ ಹೆಂಗಸು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಅದು ಆ ಓಣಿಯ ಪದ್ಧತಿ. ದನಿಯಿರುವ ಹಿರಿಯರಿಲ್ಲದ ಮನೆಯವರು ಕುಂಞಿಬಿ ಉಮ್ಮನಿಗೆ ಹೇಳಿಕಳಿಸುತ್ತಿದ್ದರು. ಹಾಗಾಗಿ ಓಣಿಯ ಅರ್ಧ ಹೆಣ್ಣುಮಕ್ಕಳು ಅವರ ಹಾಡು ಕೇಳಿಯೇ ಮದುವಣಗಿತ್ತಿಯರಾದವರು. ಈಗ ಸ್ವಂತ ಮೊಮ್ಮಗಳ ಸರದಿ ಬಂದಾಗ, ಅಭ್ಯಾಸದಲ್ಲೇ ಹಾಡು ನಿಂತುಹೋಗಿತ್ತು.

"ಇದು ಆಗೋ ಕೆಲಸ ಅಲ್ಲ ಬಿಡಿ," ಎಂದ ಸೈದಲವಿ. ಅವನು ಕುಂಞಿಬಿ ಉಮ್ಮನ ಹಿರಿಯ ಮಗ. ಮದುವೆಗೆಂದು ಶಾರ್ಜಾದಿಂದ ಮುಂಚೆಯೇ ರಜೆ ಹಾಕಿ ಬಂದಿದ್ದ. "ಕೋಝಿಕ್ಕೋಡಿಂದ ಒಂದು ತಂಡ ಕರೆಸ್ತೀನಿ. ಅವರದ್ದೇ ಮೈಕು, ಅವರದ್ದೇ ದೀಪ. ಉಮ್ಮ ಹಾಯಾಗಿ ಕುರ್ಚಿ ಮೇಲೆ ಕೂತು ನೋಡ್ಲಿ."

"ಉಮ್ಮಮ್ಮ ಎತ್ತಿಕೊಡದಿದ್ರೆ ನಾನು ಕೂರೋದೇ ಇಲ್ಲ ಮಾಮ," ಎಂದಳು ರಿನ್ಶಾ. "ಬೇಕಾದ್ರೆ ನೀವೇ ಮದರಂಗಿ ಹಚ್ಕೊಂಡು ಕೂತ್ಕೊಳ್ಳಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಸುಹರಾ ನಗಲಿಲ್ಲ. "ವಯಸ್ಸಾಯ್ತು ಇಕ್ಕಾ," ಎಂದು ಅಣ್ಣನಿಗೆ ಮೆಲ್ಲಗೆ ಹೇಳಿದಳು. "ಮೊನ್ನೆ ನನ್ನನ್ನೇ 'ಯಾರಮ್ಮ ನೀನು' ಅಂತ ಕೇಳಿಬಿಟ್ರು. ಬಚ್ಚಲಲ್ಲಿ ಬೀಳೋ ಹಾಗೆ ಆಗಿ ಗೋಡೆ ಹಿಡ್ಕೊಂಡ್ರು. ನನಗೆ ಹೆದರಿಕೆ ಆಗುತ್ತೆ."

ಪಕ್ಕದ ಮನೆಯ ವಿಲಾಸಿನಿ ಟೀಚರ್ ಆ ಹೊತ್ತಿಗೆ ಬಾಳೆಗೊನೆಯ ಒಂದು ಚಿಪ್ಪು ಹಿಡಿದು ಒಳಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿನಲ್ಲಿ ಈಗ ಕೆಲಸ ಮಾಡುತ್ತಿದ್ದರು. ಕುಂಞಿಬಿ ಉಮ್ಮ ಎಚ್ಚರಗೊಂಡು ಊಟಕ್ಕೆ ಕೂತರು. ಸುಹರಾ ಬಿಸ್ಕತ್ತಿನ ದೊಡ್ಡ ಡಬ್ಬಿ ತೆರೆದು, ಒಂದೊಂದೇ ಮಾತ್ರೆ ಬಿಡಿಸಿ ತಾಯಿಯ ಅಂಗೈಗೆ ಹಾಕತೊಡಗಿದಳು. ಬಿಳಿ, ಹಳದಿ, ಗುಲಾಬಿ, ಅರ್ಧ ನೀಲಿ. ಅಂಗೈ ತುಂಬಿತು.

"ಇದೇನು ಇತ್ತಾ, ಊಟಾನಾ?" ಎಂದು ಟೀಚರ್ ಕೇಳಿದರು. ಕುಂಞಿಬಿ ಉಮ್ಮನನ್ನು ಅವರು ಅಕ್ಕ ಎಂಬರ್ಥದಲ್ಲಿ 'ಇತ್ತಾ' ಎಂದೇ ಕರೆಯುತ್ತಿದ್ದರು.

"ಊಟಾನೇ ಟೀಚರೇ," ಎಂದರು ಕುಂಞಿಬಿ ಉಮ್ಮ. "ಪತ್ತಿರಿ ರೊಟ್ಟಿ, ಮೀನು ಎಲ್ಲಾ ಇದಕ್ಕೆ ನೆಂಚ್ಕೊಳ್ಳೋಕೆ."

ಟೀಚರ್ ನಕ್ಕರು. ಆದರೆ ಕಣ್ಣು ಡಬ್ಬಿಯ ಮೇಲೇ ಇತ್ತು. "ಸುಹರಾ, ಯಾವುದು ಯಾತಕ್ಕೆ?"

"ಇದು ಬಿಪಿಗೆ. ಇದೂ ಬಿಪಿಗೆ, ಆಮೇಲೆ ಸೇರಿಸಿದ್ದು. ಇದು ಹೊಟ್ಟೆ ಉರಿಗೆ. ಇದೂ ಹೊಟ್ಟೆಗೇ. ಇದು ಕಾಲು ಬಾವಿಗೆ ಇನ್ನೊಬ್ರು ಡಾಕ್ಟರ್ ಕೊಟ್ಟಿದ್ದು. ಇದು ಪದೇಪದೇ ಮೂತ್ರಕ್ಕೆ ಹೋಗ್ತಾರಲ್ಲ, ಅದಕ್ಕೆ. ಇದು ನಿದ್ದೆಗೆ. ಇದು ನೆಗಡಿಗೆ."

"ನೆಗಡಿ ಇದೆಯಾ ಈಗ?"

"ಇಲ್ಲ. ಕಳೆದ ರಂಜಾನಿನಲ್ಲಿ ಬಂದಿತ್ತು."

"ಮತ್ತೆ ಮಾತ್ರೆ?"

ಸುಹರಾ ತಬ್ಬಿಬ್ಬಾದಳು. "ನಿಲ್ಲಿಸಿ ಅಂತ ಯಾರೂ ಹೇಳ್ಲಿಲ್ಲವಲ್ಲ ಟೀಚರ್!"

ಟೀಚರ್ ಮಣೆ ಎಳೆದುಕೊಂಡು ಹತ್ತಿರ ಕೂತರು. "ಇತ್ತಾನ ನಾಲಿಗೆ ಒಣಗೋದು, ತೂಕಡಿಸೋದು, ಮರೆವು, ತಲೆಸುತ್ತು, ಎಲ್ಲವೂ ವಯಸ್ಸಿಂದಲೇ ಅಂತ ಯಾರು ಹೇಳಿದ್ರು? ಕೆಲವು ಈ ಡಬ್ಬಿಯಿಂದ್ಲೇ ಬಂದಿರಬಹುದು. ಇದಕ್ಕೆ ಅಂತಲೇ ಸರ್ಕಾರಿ ಆಸ್ಪತ್ರೇಲಿ ಹಿರಿಯರ ಕ್ಲಿನಿಕ್ ಶುರುವಾಗಿದೆ. ಡಾಕ್ಟರ್ ಮೆರೀನಾ ಅಂತ ಇದ್ದಾರೆ. ಮನೇಲಿರೋ ಮಾತ್ರೆಯೆಲ್ಲ ಚೀಲಕ್ಕೆ ಹಾಕ್ಕೊಂಡು ಹೋದ್ರೆ, ಯಾವುದು ಬೇಕು, ಯಾವುದು ಬೇಡ ಅಂತ ಒಂದೊಂದಾಗಿ ನೋಡ್ತಾರೆ. ಬೇಡದ್ದನ್ನ ಕಡಿಮೆ ಮಾಡ್ತಾರೆ."

"ಕಡಿಮೆ ಮಾಡೋದಾ?" ಸೈದಲವಿಯ ದನಿ ಏರಿತು. "ಜನ ಏನಂತಾರೆ ಟೀಚರೇ? ಮಗ ಶಾರ್ಜಾದಲ್ಲಿ ದುಡೀತಾನೆ, ಹೆತ್ತ ತಾಯಿಯ ಮದ್ದು ನಿಲ್ಲಿಸಿದ ಅಂತಾರೆ. ಡಾಕ್ಟರು ಬರೆದುಕೊಟ್ಟದ್ದನ್ನ ನಾವು ಬೇಡ ಅನ್ನೋಕೆ ಆಗುತ್ತಾ? ಮಾತ್ರೆ ಜಾಸ್ತಿ ಆದಷ್ಟೂ ಮೈಗೆ ರಕ್ಷಣೆ ಜಾಸ್ತಿ."

"ನಿನ್ನ ಪ್ರೀತಿ ಡಬ್ಬಿ ತುಂಬ ಇದೆ ಸೈದಲವಿ, ಕಾಣ್ತಾ ಇದೆ," ಎಂದರು ಟೀಚರ್. "ಅಷ್ಟೂ ಪ್ರೀತಿ ಒಟ್ಟಿಗೆ ಹೊಟ್ಟೆಯೊಳಗೆ ಹೋದ್ರೆ ಏನಾಗುತ್ತೆ ಅಂತ ಕೇಳಿಕೊಂಡು ಬರೋಣ. ಪ್ರಯೋಗಶಾಲೇಲಿ ಸಿಕ್ಕಿದ್ದನ್ನೆಲ್ಲ ಒಂದೇ ನಳಿಕೆಗೆ ಸುರಿದು ಮೇಜೆಲ್ಲ ನೊರೆ ಮಾಡಿದವನು ನೀನೇ ಅಲ್ವಾ? ಮರೆತೆಯಾ?"

"ನನ್ನ ಹೊಟ್ಟೆ ಇವನ ಪ್ರಯೋಗಶಾಲೆ ಆಗಿದೆ," ಎಂದು ಕುಂಞಿಬಿ ಉಮ್ಮ ಸೇರಿಸಿದರು. ಈ ಸಲ ಸುಹರಾಳಿಗೂ ನಗು ಬಂತು. ಸೈದಲವಿ ಮಾತ್ರ ಗೊಣಗುತ್ತಲೇ ಒಪ್ಪಿದ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮೆರೀನಾ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಮನೇಲಿರೋದು ಇಷ್ಟೇನಾ? ನಾಟಿ ಮದ್ದು, ಕಷಾಯ, ವಿಟಮಿನ್ನು, ಅಂಗಡಿಯಿಂದ ನೀವೇ ತಂದದ್ದು, ಯಾವುದೂ ಬಿಟ್ಟಿಲ್ಲ ತಾನೆ?"

"ಎಲ್ಲಾ ತಂದಿದ್ದೀವಿ," ಎಂದಳು ಸುಹರಾ. ಅವಳಿಗೆ ತಿಳಿದ ಮಟ್ಟಿಗೆ ಅದು ನಿಜವೇ ಆಗಿತ್ತು.

ಡಾಕ್ಟರು ಕುಂಞಿಬಿ ಉಮ್ಮನನ್ನು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಎದ್ದು ನಿಂತ ಕೂಡಲೇ ಅದು ಥಟ್ಟನೆ ಇಳಿಯುತ್ತಿತ್ತು. "ಬಚ್ಚಲಲ್ಲಿ ತಲೆ ಸುತ್ತೋದು ಇದರಿಂದ," ಎಂದರು. ಆಮೇಲೆ ಎರಡು ಪಟ್ಟಿ ಮಾತ್ರೆಗಳನ್ನು ಅಕ್ಕಪಕ್ಕ ಇಟ್ಟರು. "ಇವೆರಡೂ ಹೊಟ್ಟೆ ಉರಿಯವೇ. ಅವಳಿಮಕ್ಕಳು, ಬೇರೆಬೇರೆ ಬಣ್ಣದ ಅಂಗಿ ಹಾಕ್ಕೊಂಡಿದ್ದಾರೆ. ಹೆಸರು ಬೇರೆ, ಮದ್ದು ಒಂದೇ. ಇಬ್ಬರು ಡಾಕ್ಟರು ಬರೆದಿದ್ದಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ."

"ತಪ್ಪು ಮದ್ದು ಕೊಟ್ಟಿದ್ದಾರಾ?" ಸೈದಲವಿ ಕೇಳಿದ.

"ಹಾಗಲ್ಲ. ಒಂದೊಂದನ್ನೇ ನೋಡಿದ್ರೆ ಪ್ರತಿಯೊಂದಕ್ಕೂ ಕಾರಣ ಇದೆ. ಎಲ್ಲಾ ಒಂದೇ ಮೈಯೊಳಗೆ ಸೇರಿದಾಗಲೇ ತೊಂದರೆ. ವಯಸ್ಸಾದ ಹಾಗೆ ಯಕೃತ್ತು, ಮೂತ್ರಪಿಂಡ ನಿಧಾನ ಆಗ್ತವೆ. ನಿಮ್ಮ ಮೈಯಿಂದ ಬೇಗ ಹೊರಗೆ ಹೋಗೋ ಮದ್ದು, ಇವರ ಮೈಯಲ್ಲಿ ತುಂಬ ಹೊತ್ತು ಉಳ್ಕೊಳ್ಳುತ್ತೆ. ಈ ನೆಗಡಿ ಮಾತ್ರೆ, ಈ ಮೂತ್ರದ ಮಾತ್ರೆ ಎರಡೂ ಬಾಯಿ ಒಣಗಿಸ್ತವೆ, ತಲೆಗೆ ಮಂಕು ಕವಿಸ್ತವೆ. ನಿದ್ದೆ ಮಾತ್ರೆ ಬೇರೆ ಅವುಗಳ ಜೊತೆ ಸೇರಿದೆ." ಡಾಕ್ಟರು ಕುಂಞಿಬಿ ಉಮ್ಮನ ಕಡೆ ತಿರುಗಿದರು. "ಉಮ್ಮಾ, ನಿಮಗೆ ಏನಾಗಬೇಕು? ನಿಮ್ಮ ಆಸೆ ಹೇಳಿ."

ಅಷ್ಟು ಡಾಕ್ಟರುಗಳಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಕುಂಞಿಬಿ ಉಮ್ಮ ತಲೆಯ ಮೇಲಿನ ಮುಸುಕು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಮೊಮ್ಮಗಳ ಮದರಂಗಿ ಸಂಜೆ ಹಾಡಬೇಕು."

"ಹಾಗಾದ್ರೆ ನಮ್ಮ ಗುರಿ ಅದೇ," ಎಂದರು ಡಾಕ್ಟರ್. "ನೆಗಡಿ ಮಾತ್ರೆ ಇವತ್ತೇ ಬಂದ್. ಅವಳಿಗಳಲ್ಲಿ ಒಂದು ಮನೆಗೆ ಹೋಗಲಿ. ಉಳಿದದ್ದನ್ನ ಒಂದೊಂದಾಗಿ ನೋಡೋಣ, ಅವಸರ ಬೇಡ. ಒಂದು ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ನಿಮ್ಮಲ್ಲಿ ಹೊಸ ಅಳಿಯ, ನಿಮ್ಮ ಪುದಿಯಾಪ್ಳ, ಮೊದಲ ಸಲ ಊಟಕ್ಕೆ ಬರುವಾಗ ಒಬ್ಬನೇ ಬರ್ತಾನಾ?"

"ಒಬ್ಬನೇ? ಎಲ್ಲಿಂದ!" ಕುಂಞಿಬಿ ಉಮ್ಮ ಕೈ ಬೀಸಿದರು. "ಗೆಳೆಯರು ಬರ್ತಾರೆ, ಗೆಳೆಯರ ಗೆಳೆಯರು ಬರ್ತಾರೆ. ಕೊಟ್ಟಿಗೆಯ ಕೋಳಿ ಖಾಲಿ ಆಗೋವರೆಗೂ ಬರ್ತಾರೆ."

"ಮಾತ್ರೆಗಳೂ ಹಾಗೇ ಬರ್ತವೆ ಉಮ್ಮಾ. ಮೊದಲು ಒಂದು ಬರುತ್ತೆ. ಅದು ಮೈಯಲ್ಲಿ ಏನೋ ತೊಂದರೆ ಮಾಡುತ್ತೆ. ಅದನ್ನ ನಾವು ಹೊಸ ಕಾಯಿಲೆ ಅಂದ್ಕೊಂಡು ಇನ್ನೊಂದು ಮಾತ್ರೆ ಕೊಡ್ತೀವಿ. ಅದರ ಹಿಂದೆ ಮತ್ತೊಂದು. ಹತೋಟಿಯಲ್ಲಿದ್ದ ಬಿಪಿ ಯಾಕೆ ಏರ್ತು? ಕಾಲು ಯಾಕೆ ಬಾತ್ಕೊಂಡ್ತು? ಹೊಟ್ಟೆ ಯಾಕೆ ಉರೀತಿದೆ? ಇಲ್ಲಿ ಗೆಳೆಯರೆಲ್ಲ ಸಾಲಾಗಿ ಕೂತಿದ್ದಾರೆ, ಪುದಿಯಾಪ್ಳನೇ ಕಾಣ್ತಿಲ್ಲ!"

ಒಂದು ವಾರ ಕಳೆಯುವುದರೊಳಗೆ ಓಣಿಗೆ ಸುದ್ದಿ ಹಬ್ಬಿತು. ಕುಂಞಿಬಿ ಉಮ್ಮ ಬೆಳಿಗ್ಗೆ ಪತ್ತಿರಿ ತಟ್ಟುತ್ತ ಗುನುಗಿದ್ದನ್ನು ಸುಹರಾ ಕೇಳಿದ್ದಳು. ಮಧ್ಯಾಹ್ನ ಮೀನಿನವನ ಬಳಿ ಚೌಕಾಸಿ ಮಾಡಿ ಗೆದ್ದದ್ದನ್ನು ಇಡೀ ಓಣಿ ನೋಡಿತ್ತು. ಬಾಯಿಯ ಪಸೆ ಮರಳಿತ್ತು. ತೂಕಡಿಕೆ ಕಡಿಮೆಯಾಗಿತ್ತು.

"ಉಮ್ಮಮ್ಮ ಎರಡು ಸಾಲು ಪೂರ್ತಿ ಹಾಡಿದ್ರು!" ರಿನ್ಶಾ ಓಡೋಡಿ ಬಂದು ವಿಲಾಸಿನಿ ಟೀಚರ ಕೈ ಹಿಡಿದು ಕುಣಿದಳು. ಟೀಚರೂ ತಡೆಯಲಾಗದೆ ಒಂದು ಸುತ್ತು ಕುಣಿದರು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಕುಂಞಿಬಿ ಉಮ್ಮ. ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಎರಡು ಮಾತ್ರೆ ಬಿಟ್ಟದ್ದಕ್ಕೇ ಇಷ್ಟು ಚೇತರಿಕೆಯಾದರೆ, ಎಲ್ಲವನ್ನೂ ಬಿಟ್ಟರೆ ಹಾರಾಡಬಹುದು ಎಂದು ಅವರು ಲೆಕ್ಕ ಹಾಕಿದರು. ಸುಹರಾ ಅಂಗೈಗೆ ಹಾಕಿದ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ, ಮುಸುಕಿನ ಮರೆಯಲ್ಲಿ ಮುಷ್ಟಿಗೆ ಇಳಿಸಿ, ಹಿತ್ತಿಲಿನ ಕರಿಬೇವಿನ ಬುಡಕ್ಕೆ ಹಾಕತೊಡಗಿದರು.

ಕೆಲವೇ ದಿನಗಳಲ್ಲಿ ನಿದ್ದೆ ಹಾರಿಹೋಯಿತು. ಕೈ ನಡುಗತೊಡಗಿತು. ಒಂದು ಮಧ್ಯಾಹ್ನ ತಲೆ ಸಿಡಿಯುತ್ತಿದೆಯೆಂದು ಮಂಚ ಹಿಡಿದರು. ವಿಲಾಸಿನಿ ಟೀಚರ್ ಯಂತ್ರ ಕಟ್ಟಿ ನೋಡಿ, ಬಿಪಿ ಏರಿದ್ದನ್ನು ಕಂಡು ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಮನೆಭೇಟಿಯ ವ್ಯಾನಿನಲ್ಲೇ ಹತ್ತಿರದಲ್ಲಿದ್ದರು. ತಕ್ಷಣ ಬಂದರು.

ಸೈದಲವಿ ಜಗಲಿಯಲ್ಲೇ ತಡೆದು ನಿಂತ. ಅವನ ಕಣ್ಣು ಕೆಂಪಾಗಿತ್ತು. "ನೋಡಿದ್ರಾ? ನಾನು ಹೇಳಿರ್ಲಿಲ್ವಾ? ಮದ್ದು ಕಡಿಮೆ ಮಾಡಿ ನನ್ನ ಉಮ್ಮನ್ನ ಮಲಗಿಸಿಬಿಟ್ರಿ. ಹಾಡೂ ಬೇಡ, ಏನೂ ಬೇಡ. ಉಮ್ಮ ಉಳಿದ್ರೆ ಸಾಕು!"

"ನಾನು ನಿಲ್ಲಿಸಿದ್ದು ನೆಗಡಿ ಮಾತ್ರೆ, ಹೊಟ್ಟೆ ಮಾತ್ರೆಯ ಒಂದು ಅವಳಿ," ಎಂದರು ಡಾಕ್ಟರ್ ಒಳಗೆ ನಡೆಯುತ್ತ. "ಉಮ್ಮಾ, ನೀವು ಏನೇನು ನಿಲ್ಲಿಸಿದ್ರಿ?"

ಕುಂಞಿಬಿ ಉಮ್ಮ ಕಣ್ಣು ತಪ್ಪಿಸಿ ಕಿಟಕಿಯಾಚೆಯ ಕರಿಬೇವಿನ ಗಿಡವನ್ನು ನೋಡಿದರು. ಎಲ್ಲರಿಗೂ ಅರ್ಥವಾಯಿತು.

ಡಾಕ್ಟರು ಬೈಯಲಿಲ್ಲ. ಬಿಟ್ಟಿದ್ದ ಬಿಪಿ ಮಾತ್ರೆಯನ್ನು ಮತ್ತೆ ಕೊಟ್ಟು ಪಕ್ಕದಲ್ಲಿ ಕೂತರು. "ಮಾಳಿಗೆಯಿಂದ ಇಳಿಯೋಕೆ ಮೆಟ್ಟಿಲಿದೆ ಉಮ್ಮಾ. ನೀವು ಕಿಟಕಿಯಿಂದ ಹಾರಿದ್ರಿ. ಬಿಪಿ ಮದ್ದು, ನಿದ್ದೆ ಮದ್ದು, ಸಕ್ಕರೆ ಮದ್ದು, ಹೃದಯದ ಮದ್ದು, ಇವನ್ನೆಲ್ಲ ಏಕಾಏಕಿ ಬಿಟ್ರೆ ಮೈ ಗಾಬರಿ ಬೀಳುತ್ತೆ. ಕೆಲವನ್ನ ಬಿಡೋ ಹಾಗೇ ಇಲ್ಲ. ಕೆಲವನ್ನ ಸ್ವಲ್ಪಸ್ವಲ್ಪವೇ ಇಳಿಸಬೇಕು. ಯಾವುದನ್ನ, ಯಾವಾಗ ಅಂತ ನಿಮ್ಮ ಜೊತೆ ಕೂತು ನೋಡೋಕೇ ನಾನಿರೋದು."

"ಆಯ್ತು ಮೋಳೆ, ಆಯ್ತು," ಎಂದು ಕುಂಞಿಬಿ ಉಮ್ಮ ಹಣೆ ಒತ್ತಿಕೊಂಡರು. "ಈಗ ಈ ತಲೆ ಸಿಡಿತ ತಡ್ಕೊಳ್ಳೋಕೆ ಆಗ್ತಿಲ್ಲ. ರಿನ್ಶಾ, ಅತ್ತರಿನ ಕಪಾಟಿನಿಂದ ಕೆಂಪು ಮುಚ್ಚಳದ್ದು ಎರಡು ತಾ."

ಡಾಕ್ಟರ ಕೈ ಅಲ್ಲೇ ನಿಂತಿತು. "ಕೆಂಪು ಮುಚ್ಚಳದ್ದು? ಅದೇನು?"

"ಅದು ಮದ್ದಲ್ಲ. ನನ್ನ ಸೈದು ತಂದದ್ದು."

ರಿನ್ಶಾ ಕಪಾಟು ತೆರೆದಳು. ಗಲ್ಫಿನಿಂದ ಬಂದ ಎಲ್ಲರೂ ತಂದುಕೊಟ್ಟದ್ದು ಅಲ್ಲಿ ಸಾಲಾಗಿತ್ತು. ಅತ್ತರಿನ ಸೀಸೆಗಳು, ಕಾಗದ ಬಿಚ್ಚದ ಸಾಬೂನುಗಳು, ಕಿತ್ತಳೆ ಶರಬತ್ತಿನ ಪುಡಿ, ನೋವಿನ ಎಣ್ಣೆ. ಅವುಗಳ ನಡುವೆ ಜೇನುತುಪ್ಪದ ಸೀಸೆಯಷ್ಟು ದಪ್ಪದ ಒಂದು ಬಾಟಲಿ. ಅದರ ತುಂಬ ಮಾತ್ರೆ. ಅದು ಮಾತ್ರೆಯ ಡಬ್ಬಿಯಲ್ಲಿ ಯಾವತ್ತೂ ಇದ್ದದ್ದಲ್ಲ, ಉಡುಗೊರೆಯ ಕಪಾಟಿನಲ್ಲಿ ಇದ್ದದ್ದು. ಆದ್ದರಿಂದ ಆಸ್ಪತ್ರೆಯ ಚೀಲಕ್ಕೆ ಅದನ್ನು ಹಾಕಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಡಾಕ್ಟರು ಬಾಟಲಿಯ ಮೇಲಿನ ಸಣ್ಣಕ್ಷರ ಓದಿದರು. "ಇದನ್ನ ಎಷ್ಟು ತಗೋತೀರಿ?"

"ಬೆಳಿಗ್ಗೆ ಒಂದು, ಸಂಜೆ ಒಂದು. ಮಂಡಿಗೆ. ಅದಿಲ್ಲದಿದ್ರೆ ನಮಾಜಿಗೆ ಬಗ್ಗೋಕೆ ಆಗಲ್ಲ. ಇವನು ಹಿಂದಿನ ರಜೇಲಿ ತಂದುಕೊಟ್ಟ. ಮುಗಿಯೋ ಹೊತ್ತಿಗೆ ಅಲ್ಲಿಂದ ಬರೋರ ಕೈಲಿ ಇನ್ನೊಂದು ಕಳಿಸ್ತಾನೆ."

"ಮೊನ್ನೆ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಅತ್ತರು ಹಚ್ಕೊಂಡದ್ದನ್ನ ಯಾರಾದ್ರೂ ಡಾಕ್ಟರಿಗೆ ಹೇಳ್ತಾರಾ?"

ಡಾಕ್ಟರ್ ಮೆರೀನಾ ಬಾಟಲಿಯನ್ನು ಮೇಲೆತ್ತಿ ಹಿಡಿದರು. ಅವರ ಮುಖ ಅರಳಿತು. "ಸಿಕ್ಕಿದ! ಪುದಿಯಾಪ್ಳ ಸಿಕ್ಕಿದ!"

"ಯಾರು? ಎಲ್ಲಿ?" ಎನ್ನುತ್ತ ಅಡುಗೆಮನೆಯಿಂದ ಸುಹರಾ ಸವುಟು ಹಿಡಿದೇ ಓಡಿಬಂದಳು.

"ಇವನೇ! ಇದು ನೋವಿನ ಮಾತ್ರೆ. ಎರಡು ದಿನಕ್ಕೆ ತಗೊಂಡ್ರೆ ಸರಿ. ವಯಸ್ಸಾದವರು ದಿನಾ ತಗೊಂಡ್ರೆ ಹೊಟ್ಟೆಯ ಒಳಗೋಡೆ ಉರಿಯುತ್ತೆ. ಅದಕ್ಕೆ ಹೊಟ್ಟೆ ಉರಿ ಮಾತ್ರೆ ಬಂತು. ಇದು ಬಿಪಿ ಏರಿಸುತ್ತೆ. ಅದಕ್ಕೆ ಎರಡನೇ ಬಿಪಿ ಮಾತ್ರೆ ಬಂತು. ಮೈಯಲ್ಲಿ ನೀರು ನಿಲ್ಲಿಸುತ್ತೆ, ಕಾಲು ಬಾತ್ಕೊಳ್ಳುತ್ತೆ. ಅದಕ್ಕೆ ನೀರು ಇಳಿಸೋ ಮಾತ್ರೆ ಬಂತು. ಅದರಿಂದ ಪದೇಪದೇ ಮೂತ್ರ. ಅದನ್ನ ತಡೆಯೋಕೆ ಇನ್ನೊಂದು. ಆ ಇನ್ನೊಂದು ಬಾಯಿ ಒಣಗಿಸ್ತು, ತಲೆಗೆ ಮಂಕು ಹಿಡಿಸ್ತು. ಹಾಡು ನಿಂತ್ಹೋಯ್ತು!"

ರಿನ್ಶಾ "ಅಯ್ಯೋ ದೇವರೇ, ಮಂಡಿಯಿಂದ ಬಾಯಿವರೆಗೂ ಬಂತಲ್ಲ!" ಎಂದು ಕೂಗಿದಳು.

ಸೈದಲವಿ ಮಾತ್ರ ಹೊಸ್ತಿಲ ಮೇಲೆ ಕುಸಿದು ಕೂತಿದ್ದ. ಶಾರ್ಜಾದ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬಾಟಲಿಯನ್ನೇ ಆರಿಸಿ ತಂದವನು ಅವನು. ಕುಂಞಿಬಿ ಉಮ್ಮ ಕೈಚಾಚಿ ಅವನ ತಲೆ ಮುಟ್ಟಿದರು.

"ನೀನು ತಂದದ್ದು ನನ್ನ ಮಂಡಿಗೆ, ಮಗನೇ. ಅದು ಮಂಡಿ ಬಿಟ್ಟು ಊರೆಲ್ಲ ತಿರುಗಿದ್ರೆ ನೀನೇನು ಮಾಡ್ತೀಯ? ಏಳು, ಚಹಾ ಮಾಡಿಸು. ಡಾಕ್ಟರು ಬಂದು ಎಷ್ಟು ಹೊತ್ತಾಯ್ತು."

ಅವನು ಎದ್ದು ನಿಂತ. "ಡಾಕ್ಟರ್, ಇದು ನಿಂತ್ರೆ ಮಂಡಿ ನೋವಿಗೆ ಏನು ಮಾಡೋಣ? ಹೇಳಿ, ನಾನೇ ಮಾಡ್ತೀನಿ."

ಆ ದಿನದಿಂದ ಮನೆಯಲ್ಲಿ ಅವನೇ ಎಲ್ಲರಿಗಿಂತ ದೊಡ್ಡ ಉತ್ಸಾಹಿ. ಕೆಂಪು ಮುಚ್ಚಳದ ಬಾಟಲಿ ಹೊರಗೆ ಹೋಯಿತು. ಮೂತ್ರಪಿಂಡಕ್ಕೆ ಏನೂ ಆಗಿಲ್ಲವೆಂದು ರಕ್ತಪರೀಕ್ಷೆ ಹೇಳಿತು. ಬೆಳಗಿನ ನಮಾಜು ಮುಗಿದ ಮೇಲೆ ಅವನು ತಾಯಿಯ ಕೈ ಹಿಡಿದು ಕಡಲಿನ ದಾರಿಯಲ್ಲಿ ನಡೆಸುತ್ತಿದ್ದ. ಕುರ್ಚಿಯಲ್ಲಿ ಕೂತು ಕಾಲು ಎತ್ತಿ ಇಳಿಸುವ ವ್ಯಾಯಾಮ ಮಾಡಿಸುತ್ತಿದ್ದ. ಮಂಡಿಗೆ ಬಿಸಿ ಶಾಖ ಕೊಡುತ್ತಿದ್ದ. ನೋವು ಜಾಸ್ತಿಯಾದ ದಿನಕ್ಕೆಂದು ಡಾಕ್ಟರು ಸೌಮ್ಯವಾದ ಬೇರೆ ಮಾತ್ರೆ ಹೇಳಿದ್ದರು. ನಮಾಜಿಗೆ ಕುಂಞಿಬಿ ಉಮ್ಮ ಕುರ್ಚಿ ಹಾಕಿಕೊಂಡರು.

"ಸೈದೂ, ಶಾರ್ಜಾದಲ್ಲೂ ಹೀಗೇ ಕವಾಯತು ಮಾಡಿಸ್ತಾರಾ ನಿನಗೆ?" ಎಂದು ಅವರು ಏದುಸಿರು ಬಿಡುತ್ತ ಕೇಳುತ್ತಿದ್ದರು.

"ಮಾತಾಡ್ಬೇಡಿ ಉಮ್ಮಾ, ಎಡಗಾಲು ಎತ್ತಿ!"

ವಿಲಾಸಿನಿ ಟೀಚರ್ ಆಗಾಗ ಬಂದು ಬಿಪಿ ನೋಡಿ ಡಾಕ್ಟರಿಗೆ ಹೇಳುತ್ತಿದ್ದರು. ಕಾಲಿನ ಬಾವು ಇಳಿಯಿತು. ಮೂಲೆ ಸೇರಿದ್ದ ಹಳೆಯ ಚಪ್ಪಲಿ ಮತ್ತೆ ಕಾಲಿಗೆ ಹಿಡಿಸಿದ ದಿನ ಕುಂಞಿಬಿ ಉಮ್ಮ ಅದನ್ನು ತೋರಿಸಲೆಂದೇ ನಾಲ್ಕು ಮನೆಗೆ ಹೋಗಿಬಂದರು. ನೀರು ಇಳಿಸುವ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿದರು. ಅದರ ಹಿಂದೆಯೇ ಮೂತ್ರದ ಮಾತ್ರೆಯೂ, ಉಳಿದಿದ್ದ ಹೊಟ್ಟೆ ಉರಿಯ ಮಾತ್ರೆಯೂ ನಿಂತವು. ಎರಡನೆಯ ಬಿಪಿ ಮಾತ್ರೆಯನ್ನು ಇಳಿಸುವಾಗ ಬಿಪಿ ಒಮ್ಮೆ ಮೇಲೇರಿತು. ಡಾಕ್ಟರು ಹಿಂದಿನ ಪ್ರಮಾಣಕ್ಕೇ ಮರಳಿ, ಸ್ವಲ್ಪ ಕಾದು, ಮತ್ತೆ ನಿಧಾನವಾಗಿ ಇಳಿಸಿದರು. ಮೊದಲಿನಿಂದಲೂ ಇದ್ದ ಬಿಪಿ ಮಾತ್ರೆ ಹಾಗೇ ಉಳಿಯಿತು. ಅದು ಬೇಕೇ ಬೇಕು. ನಿದ್ದೆ ಮಾತ್ರೆ ಪೂರ್ತಿ ಹೋಗಲಿಲ್ಲ. ಮೊದಲಿದ್ದುದರ ಅರ್ಧಕ್ಕೆ ಬಂದು, ಇನ್ನೂ ಇಳಿಯುವ ದಾರಿಯಲ್ಲಿತ್ತು.

ಅಂಗೈ ತುಂಬುತ್ತಿದ್ದ ಮಾತ್ರೆ ಈಗ ಎರಡು ಬೆರಳಿನ ನಡುವೆ ಹಿಡಿಯುತ್ತಿತ್ತು.

ಮದರಂಗಿಯ ಸಂಜೆ ಬಂತು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತುಪ್ಪದನ್ನದ ಘಮ, ಮಲ್ಲಿಗೆಯ ಘಮ, ಕಡಲಗಾಳಿ ಎಲ್ಲ ಒಂದಾಗಿದ್ದವು. ರಿನ್ಶಾ ಕೆಂಪು ಬಟ್ಟೆಯುಟ್ಟು, ಕೈಯೆರಡನ್ನೂ ಮುಂದೆ ಚಾಚಿ ಪೀಠದ ಮೇಲೆ ಕೂತಳು. ಹುಡುಗಿಯರು ಸುತ್ತುಗಟ್ಟಿದರು. ಡಾಕ್ಟರ್ ಮೆರೀನಾ, ವಿಲಾಸಿನಿ ಟೀಚರ್ ಮುಂದಿನ ಸಾಲಿನಲ್ಲಿದ್ದರು. ಸೈದಲವಿ ಅಡುಗೆಯವರ ಮೇಲ್ವಿಚಾರಣೆ ಬಿಟ್ಟು, ಗಂಡಸರು ನಿಲ್ಲುವ ಬಾಗಿಲ ಮರೆಯಲ್ಲಿ ಕತ್ತು ಉದ್ದ ಮಾಡಿದ್ದ.

ಕುಂಞಿಬಿ ಉಮ್ಮ ಮೊದಲ ಸಾಲು ಎತ್ತಿದರು.

ದನಿ ತುಸು ಒಡೆದಿತ್ತು, ಮೊದಲಿನ ಏರು ಇರಲಿಲ್ಲ. ಆದರೆ ಪ್ರತಿಯೊಂದು ಮಾತೂ ಸ್ಪಷ್ಟವಾಗಿತ್ತು. ಎರಡನೆಯ ಸಾಲು ಬಂತು. ಹುಡುಗಿಯರು ಉಸಿರು ಬಿಗಿಹಿಡಿದರು. ಸುಹರಾಳ ತುಟಿ ತಾಯಿಯ ತುಟಿಯ ಜೊತೆಗೇ ಆಡುತ್ತಿತ್ತು. ಹಾಡು ಆ ಜಾಗವನ್ನು ದಾಟಿತು! ಅಂಗಳವೆಲ್ಲ ಒಂದೇ ಸಲ ಚಪ್ಪಾಳೆಗೆ ಇಳಿಯಿತು. ಮೂರನೆಯದು, ನಾಲ್ಕನೆಯದು, ಹಾಡು ಪೂರ್ತಿ ಮುಗಿಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕುಂಞಿಬಿ ಉಮ್ಮ ಡಾಕ್ಟರ ಕಡೆ ಕಣ್ಣು ಹಾಯಿಸಿ, ಅದೇ ಧಾಟಿಯಲ್ಲಿ ಯಾರೂ ಕೇಳಿರದ ಎರಡು ಸಾಲು ಅಲ್ಲೇ ಕಟ್ಟಿ ಹಾಡಿಬಿಟ್ಟರು:

"ಕೆಂಪು ಟೊಪ್ಪಿಯ ಮದುಮಗ ಬಂದ, ಗೆಳೆಯರ ದಂಡು ಹಿಂದೆ ತಂದ,
ಮೊದಲು ಬಂದವನ ಕಳಿಸಿಕೊಟ್ಟೆ, ಉಳಿದವರೆಲ್ಲ ಎದ್ದು ಹೊರಟರೇ!"

ಹೊಸ ಅಳಿಯನನ್ನು ಛೇಡಿಸುತ್ತಿದ್ದಾರೆಂದು ತಿಳಿದು ನೆಂಟರೆಲ್ಲ ಬಿದ್ದುಬಿದ್ದು ನಕ್ಕರು. ನಿಜ ತಿಳಿದಿದ್ದವರು ಕಣ್ಣೊರೆಸಿಕೊಂಡು ನಕ್ಕರು. ಬಾಗಿಲ ಮರೆಯಲ್ಲಿದ್ದ ಸೈದಲವಿ ಗಂಡಸರ ಕಡೆಯಿಂದಲೇ ಚಪ್ಪಾಳೆಗೆ ತಾಳ ಕೂಡಿಸಿದ.

ಕೈಯ ಮದರಂಗಿ ಒಣಗುವ ಮುಂಚೆಯೇ ಎದುರುಮನೆಯ ಮುದುಕಿ ಸುಹರಾಳ ಸೆರಗು ಜಗ್ಗಿದಳು. "ನನ್ನ ಹತ್ರಾನೂ ಒಂದು ಡಬ್ಬಿ ಇದೆ ಕಣೇ. ಕಪಾಟಿನಲ್ಲೂ ಏನೇನೋ ಇದೆ. ಆ ಕ್ಲಿನಿಕ್ಕು ಯಾವ ವಾರ?"

ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಇಂಥ ಒಂದು ಡಬ್ಬಿ ಇರಬಹುದು. ಇವತ್ತು ಅದನ್ನು ತೆರೆಯಿರಿ. ಡಬ್ಬಿಯ ಹೊರಗಿರುವುದನ್ನೂ ಹುಡುಕಿ: ದಿಂಬಿನ ಕೆಳಗೆ, ದೇವರ ಗೂಡಿನ ಪಕ್ಕದಲ್ಲಿ, ನೆಂಟರು ಕೊಟ್ಟ 'ಒಳ್ಳೆಯ ಮಾತ್ರೆ' ಇರುವ ಕಪಾಟಿನಲ್ಲಿ. ಕಷಾಯ, ಮುಲಾಮು, ವಿಟಮಿನ್ ಯಾವುದನ್ನೂ ಬಿಡಬೇಡಿ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ಡಾಕ್ಟರ ಮುಂದೆ ಸುರಿಯಿರಿ. ಇದು ಯಾತಕ್ಕೆ, ಇನ್ನೂ ಬೇಕೇ, ಇದರಿಂದಲೇ ಈ ತಲೆಸುತ್ತು, ಮಂಪರು, ಮರೆವು ಬಂದಿರಬಹುದೇ, ಇವುಗಳಲ್ಲಿ ಮೊದಲು ಬಂದ ಮಾತ್ರೆ ಯಾವುದು ಎಂದು ಕೇಳಿ. ಹಾಗೆ ಕೇಳುವುದರಿಂದ ಡಾಕ್ಟರಿಗೆ ಅವಮಾನವಾಗುವುದಿಲ್ಲ. ಒಂದೇ ಒಂದು ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ; ಕರಿಬೇವಿನ ಗಿಡಕ್ಕೆ ಬಿಪಿ ಇರುವುದಿಲ್ಲ. ಕೊನೆಯದಾಗಿ, ನಿಮ್ಮ ಹಿರಿಯರನ್ನು ಡಾಕ್ಟರ್ ಮೆರೀನಾ ಕೇಳಿದ ಹಾಗೆ ಒಮ್ಮೆ ಕೇಳಿ: "ನಿಮಗೆ ಏನಾಗಬೇಕು? ನಿಮ್ಮ ಆಸೆ ಹೇಳಿ." ಅವರ ಗಂಟಲ ಬಾಗಿಲಲ್ಲೂ ಒಂದು ಹಾಡು ಕಾದು ನಿಂತಿರಬಹುದು.